ಭಯವೇ ಬಂಡವಾಳ

ಇಳಕಲ್ಲಿನ ಸೀರೆ ಕೊಳ್ಳುವ ತಾಯಂದಿರು ಅಂಗಡಿಕಾರನ ಮಾತಿಗಷ್ಟೇ ಒಪ್ಪುವುದಿಲ್ಲ. ಒಡಲಿಗೂ ಸೆರಗಿಗೂ ಕೊಂಡಿ ಬಿದ್ದ ಜಾಗವನ್ನು ಮುಟ್ಟಿ ನೋಡುತ್ತಾರೆ. ಈ ವಿವೇಕವು ಕಂಪ್ಯೂಟರಿನ ಮುಂದೆ ಕುಂದುವುದೇಕೆ? ಅಲ್ಲಿ ಭಯವು ವಿಚಾರಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ.

ಕಂಪ್ಯೂಟರಿಗೆ ಹಾನಿ ಮಾಡುವ ವೈರಸ್ಸನ್ನು ತಡೆಯುವ ತಂತ್ರಾಂಶವೇ ಆ್ಯಂಟಿವೈರಸ್. ವಂಚಕರು ಈ ಕಾವಲುಗಾರನ ವೇಷವನ್ನೇ ಧರಿಸುತ್ತಾರೆ. ಪರದೆಯ ಮೇಲೆ ಥಟ್ಟನೆ ಎಚ್ಚರಿಕೆ ಮೂಡುತ್ತದೆ. ಸುಳ್ಳು ತಪಾಸಣೆ ನಡೆಯುತ್ತದೆ. ಹಣ ಕೊಟ್ಟರೆ ಪರಿಹಾರವೆನ್ನುತ್ತದೆ. ಇಲ್ಲದ ರೋಗಕ್ಕೆ ಸಲ್ಲದ ಔಷಧ! ಇಂತಹ 'ವಿನ್‌ಫಿಕ್ಸರ್', 'ಎಕ್ಸ್‌ಪಿ ಆ್ಯಂಟಿವೈರಸ್' ಮುಂತಾದವನ್ನು ಮಾರಿದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ದಾವೆ ಹೂಡಿತು. ಮೋಸಹೋದವರು 10 ಲಕ್ಷಕ್ಕೂ ಅಧಿಕ. 2014ರಲ್ಲಿ ಹಣ ಪಡೆದು ಮಾರಾಟವಾದ 'ವೈರಸ್ ಶೀಲ್ಡ್' ಎಂಬ ಮೊಬೈಲ್ ಆ್ಯಪ್ ತನ್ನ ಚಿತ್ರವನ್ನು ಬದಲಿಸುವುದರ ಹೊರತು ಏನನ್ನೂ ಮಾಡುತ್ತಿರಲಿಲ್ಲ.

ಇದು ದೂರದ ಮಾತೆಂದು ಸುಮ್ಮನಿರಲಾಗದು. 2023ರ ಅಕ್ಟೋಬರಿನಲ್ಲಿ ಸಿ.ಬಿ.ಐ. ಕರ್ನಾಟಕವೂ ಸೇರಿದಂತೆ ದೇಶದ 76 ಸ್ಥಳಗಳಲ್ಲಿ ಶೋಧ ನಡೆಸಿತು. ಹೆಸರಾಂತ ಕಂಪನಿಗಳ ತಂತ್ರಜ್ಞರೆಂದು ಹೇಳಿಕೊಂಡು, ಸುಳ್ಳು ಎಚ್ಚರಿಕೆ ತೋರಿಸಿ, ದೂರದಿಂದಲೇ ಕಂಪ್ಯೂಟರನ್ನು ವಶಪಡಿಸಿಕೊಳ್ಳುತ್ತಿದ್ದ ಕಾಲ್ ಸೆಂಟರುಗಳೂ ಅದರಲ್ಲಿದ್ದವು. ಬಾದಾಮಿ, ಹುನಗುಂದಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ನೌಕರಿಗೆಂದು ಊರು ಬಿಟ್ಟಿದ್ದಾರೆ. ಹಿರಿಯರ ಪಿಂಚಣಿಯ ಲೆಕ್ಕ ಮೊಬೈಲಿನಲ್ಲಿದೆ. ಒಮ್ಮೆ ಪರರಿಗೆ ಆ ಹಿಡಿತ ದೊರೆತರೆ ಜೀವಮಾನದ ಗಳಿಕೆ ಹೋಗಬಹುದು.

ಆದುದರಿಂದ ಗೃಹಸ್ಥರು ಇಷ್ಟನ್ನು ಅರಿತಿರಬೇಕು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರು ಇರುವುದಿಲ್ಲ. ಹೆದರಿಸುವ ಸೂಚನೆಯೊಳಗಿನ ಯಾವ ಗುಂಡಿಯನ್ನೂ ಒತ್ತಬಾರದು. ಮುಚ್ಚಲಾಗದಿದ್ದರೆ ಯಂತ್ರವನ್ನೇ ಆರಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ರಕ್ಷಣೆ ಮೊದಲೇ ಇದೆ. ಅನುಮಾನವಿದ್ದರೆ ಅದನ್ನು ನಾವೇ ತೆರೆದು ತಪಾಸಿಸಬೇಕು. ನಕಲಿ ತಂತ್ರಾಂಶ ಒಳಹೊಕ್ಕಿದ್ದರೆ ಇಂಟರ್ನೆಟ್ ಸಂಪರ್ಕ ಕಡಿದು ಬಲ್ಲವರಿಂದ ತೆಗೆಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೆ ತಿಳಿಸಿ, ಬಾಗಲಕೋಟೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು.

ಮಕ್ಕಳಲ್ಲಿಯೂ ನಮ್ಮದೊಂದು ವಿನಂತಿ. ಮೋಸಹೋದ ಹಿರಿಯರನ್ನು ಜರಿಯಬೇಡಿರಿ. ಬೈಗುಳಕ್ಕೆ ಅಂಜಿ ಅವರು ವಿಷಯವನ್ನು ಮುಚ್ಚಿಟ್ಟರೆ ಹಣ ತಡೆಯುವ ಹೊತ್ತು ಮೀರುತ್ತದೆ. ಹೆದರಿಸಿ ಅವಸರಪಡಿಸುವವನು ಕಾವಲುಗಾರನಲ್ಲ, ಕಳ್ಳನೆಂಬುದನ್ನು ಪ್ರೀತಿಯಿಂದ ತಿಳಿಹೇಳಿರಿ. ಮನೆಯ ಮಾತಿನಲ್ಲಿ ನಂಬಿಕೆಯಿದ್ದಲ್ಲಿ ಪರದೆಯ ಬೆದರಿಕೆ ನಡೆಯದು.