ಶೇಡಿಮಣ್ಣಿನ ನೀರು ಮತ್ತು ವಿದ್ಯುತ್ತು

ಜಂಬಿಟ್ಟಿಗೆಯ ಪದರದಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣಗಳಲ್ಲಿ ಕಾಣುವ ಶೇಡಿಮಣ್ಣನ್ನು ಕರಾವಳಿ ಹಾಗೂ ಘಟ್ಟದ ಜನ ಬಲ್ಲರು. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುವ ಅದು ನೀರು ಕುಡಿದೊಡನೆ ಬಲಗುಂದುತ್ತದೆ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದ ಹಲವೆಡೆ ಬಯಲಿಗೆ ಬರುವುದು ಇದೇ ಪದರ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿದ ಮೇಲಂತೂ, ಮಣ್ಣಿನಲ್ಲಿ ಸೆರೆಯಾದ ನೀರನ್ನು ಹೊರತೆಗೆಯುವ ಪ್ರಶ್ನೆ ವಿಜ್ಞಾನಿಗಳದಷ್ಟೇ ಆಗಿ ಉಳಿದಿಲ್ಲ.

ನಯವಾದ ಜೇಡಿಯಲ್ಲಿ ನೀರು ತಾನಾಗಿ ವರ್ಷಕ್ಕೆ ಕೆಲವೇ ಸೆಂಟಿಮೀಟರು ಸರಿಯುವುದುಂಟು. ಪಂಪು ಅಲ್ಲಿ ನಿರರ್ಥಕ. ಆದರೆ ಜೇಡಿಯ ಕಣದ ಮೈ ಋಣವಿದ್ಯುದಂಶ ಹೊತ್ತಿರುತ್ತದೆ, ಸುತ್ತಲಿನ ನೀರಿನಲ್ಲಿ ಧನ ಅಯಾನುಗಳು ಗುಂಪುಗೂಡಿರುತ್ತವೆ. ಎರಡು ಲೋಹದ ಸಲಾಕೆ ನೆಟ್ಟು ಏಕಮುಖ ವಿದ್ಯುತ್ತನ್ನು ಹರಿಸಿದರೆ ಈ ಅಯಾನುಗಳು ಋಣಧ್ರುವದತ್ತ ಹೊರಟು ನೀರನ್ನೂ ಎಳೆದೊಯ್ಯುತ್ತವೆ. ಸೆಂಟಿಮೀಟರಿಗೆ 1 ವೋಲ್ಟಿನಂತೆ ಕೊಟ್ಟರೆ ದಿನಕ್ಕೆ ಸುಮಾರು 4 ಸೆಂಟಿಮೀಟರು. ರಂಧ್ರ ಎಷ್ಟೇ ಕಿರಿದಾದರೂ ಈ ವೇಗ ಹೆಚ್ಚು ಕುಗ್ಗದು.

ಮಾಸ್ಕೋದಲ್ಲಿ ಎಫ್. ಎಫ್. ರಾಯ್ಸ್ 1809ರಲ್ಲಿಯೇ ಇದನ್ನು ತೋರಿಸಿದ್ದರು. ಲಿಯೊ ಕಾಸಾಗ್ರಾಂಡೆ 1939ರಲ್ಲಿ ಜರ್ಮನಿಯ ಸಾಲ್ಸ್‌ಗಿಟ್ಟರ್‌ನಲ್ಲಿ ರೈಲುಮಾರ್ಗಕ್ಕೆಂದು ಕಡಿದ ಇಳಿಜಾರನ್ನು ಈ ಉಪಾಯದಿಂದ ನಿಲ್ಲಿಸಿದರು. ಯುದ್ಧಕಾಲದಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಜಲಾಂತರ್ಗಾಮಿಗಳ ತಂಗುದಾಣಕ್ಕಾಗಿ ನಡೆದ ಅಗೆತಕ್ಕೂ ಅದೇ ನೆರವಾಯಿತು.

ಅಲ್ಲಿ ಗೆದ್ದದ್ದು ಇಲ್ಲಿಯೂ ಗೆಲ್ಲುವುದೆಂದು ಹೇಳಲಾಗದು. ಅವು ಕಾಮಗಾರಿ ಮುಗಿಯುವವರೆಗಿನ ಆಸರೆಗಳು. ಧನಧ್ರುವದ ಕಬ್ಬಿಣ ಕರಗುತ್ತದೆ, ಅದರ ಬಳಿಯ ಮಣ್ಣು ಹುಳಿಯಾಗುತ್ತದೆ. ಹುಳಿ ಏರಿದಂತೆ ಕಣಗಳ ಋಣಾಂಶ ಕುಂದಿ ಹರಿವು ಸೊರಗುತ್ತದೆ. ಮಳೆಯಲ್ಲಿ ತೊಯ್ದು ತೊಯ್ದು ಮೊದಲೇ ಹುಳಿಯಾಗಿರುವ, ಕಬ್ಬಿಣದ ಆಕ್ಸೈಡು ತುಂಬಿದ ಮಲೆನಾಡಿನ ಮಣ್ಣಿಗೆ ಇದು ಸಣ್ಣ ತೊಡಕಲ್ಲ. ದಿನಕ್ಕೆ ನಾಲ್ಕು ಸೆಂಟಿಮೀಟರು ಹೊರಹಾಕುವ ಏರ್ಪಾಡು, ಒಂದೇ ದಿನ ಹತ್ತಿಪ್ಪತ್ತು ಸೆಂಟಿಮೀಟರು ಸುರಿಯುವ ಆಷಾಢದ ಮಳೆಗೆ ಎದುರು ನಿಲ್ಲಬೇಕು. ಅಂದಹಾಗೆ, ಆ ದಿನಗಳಲ್ಲಿ ಘಟ್ಟದ ಊರುಗಳ ತಂತಿಯಲ್ಲಿ ಕರೆಂಟು ಇರುವುದೇ ಅಪರೂಪ!

ಸೇತುವೆಯ ಅಡಿಪಾಯ ಅಗೆಯುವಂಥ ಕೆಲಸದಲ್ಲಿ ಇದನ್ನು ಪರೀಕ್ಷಿಸುವುದು ಯುಕ್ತ. ಆದರೆ ತಂತ್ರಜ್ಞಾನವಿದೆಯೆಂಬ ಧೈರ್ಯದಲ್ಲಿ ಗುಡ್ಡವನ್ನು ಗೋಡೆಯಂತೆ ಕಡಿಯುವುದು ಅಕ್ಷಮ್ಯ. ಇಳಿಜಾರಿನ ನೆತ್ತಿಯಲ್ಲಿ ನೀರು ತಿರುಗಿಸುವ ಅಗಳು, ಹಳ್ಳದ ಹಾದಿಯನ್ನು ಮುಚ್ಚದ ಮೋರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಡಿತ, ಇವಕ್ಕೆ ವಿದ್ಯುತ್ತು ಬೇಡ. ರಸ್ತೆಯ ಗುರುತು ಹಾಕುವ ಮುನ್ನವೇ ಶೇಡಿಯ ಆಳವೆಷ್ಟು, ಮಳೆಗಾಲದ ಒರತೆ ಎಲ್ಲೆಲ್ಲಿ ಎಂಬುದು ನಕ್ಷೆಯಲ್ಲಿ ದಾಖಲಾಗಬೇಕು. ಆ ನಕ್ಷೆ ಗ್ರಾಮಸಭೆಯ ಮುಂದೆ ಬರಬೇಕು. ಒರತೆಯ ಜಾಗ ತೋರಿಸಬಲ್ಲ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ.