ಹೆಪ್ಪು ಕೊಡಾಕೂ ಕರಾರು ಬರೀಬೇಕಾ?

ಅಕ್ಕಾರ, ನಮ್ಮಕ್ಕನ ಮಗಳಿಗೆ ಹೋದ ತಿಂಗಳು ಕೆಲ್ಸದ ಮೇಲ್ ಬಂತು. ಕಂಪನಿ ಹೆಸರು ಸರಿ, ವಿಳಾಸ ಒಂದಕ್ಷರ ತಪ್ಪಿಲ್ಲ. ನಾಲ್ಕು ಸಾವಿರ ಕಟ್ಟು ಅಂತಿತ್ತು, ಕಟ್ಟಿದ್ಲು. ಆಮ್ಯಾಲೆ ಫೋನ್ ಹಚ್ಚಿದ್ರ, 'ನಾವು ಕಳ್ಸೇ ಇಲ್ರಿ' ಅಂದ್ರು. ಮನ್ಯಾಗ ಎಲ್ರೂ ಹುಡುಗಿಗೇ ಬೈದ್ರು. ನಾನು ಮಾತ್ರ ಬೈಯಲ್ಲ.

ಮೇಲ್ ಅಂದ್ರ ಅಂಚೆ ಕವರ್ ಇದ್ದಂಗ. 'ಇಂದ' ಅನ್ನೋ ಕಡೆ ಯಾರು ಯಾರ ಹೆಸರಾದ್ರೂ ಬರೀಬೌದು. 1982ರ ಕಟ್ಟಳೆ ಅದು. ಆಗ ಮೇಲ್ ಬರಿಯೋ ಮಂದೀನ ಕಮ್ಮಿ. ಇದಕ್ಕ ಎಸ್‌ಪಿಎಫ್ ಅಂತ ಮದ್ದು ಹುಡುಕಿದ್ರು. 'ನಮ್ಮ ಹೆಸರಿನ ಮೇಲ್ ಈ ಯಂತ್ರಗಳಿಂದ ಮಾತ್ರ ಬರ್ತಾವ' ಅಂತ ಹೆಸರಿನ ಒಡೆಯರು ಡಿಎನ್‌ಎಸ್‌ನ್ಯಾಗ ಬರ್ದಿಡಬೇಕು, ತಗೊಳ್ಳೋರು ತಾಳೆ ನೋಡಬೇಕು. ಅದು ಕವರಿನ ಮ್ಯಾಲಿನ ಹೆಸರಷ್ಟೇ ನೋಡ್ತೈತಿ. ಮೈಕ್ರೋಸಾಫ್ಟ್‌ನೋರು ಒಳಗಿನ ಕಾಗದದ ಹೆಸರೂ ನೋಡೋಣು ಅಂದ್ರು. ಮಾತು ಚಲೋನ ಐತಿ. ಎರಡೂ ಕೂಡ್ಸಿ 2004ರಾಗ 'ಸೆಂಡರ್ ಐಡಿ' ಅಂತ ಮಾಡಾಕ ಹೊಂಟ್ರು. ಆದ್ರ ಆ ಕಾಗದ ನೋಡೋ ಉಪಾಯಕ್ಕ ಪೇಟೆಂಟ್ ಅರ್ಜಿ ಹಾಕಿದ್ರು! ರೊಕ್ಕ ಬ್ಯಾಡ, ಸಹಿ ಮಾಡ್ರಿ ಅಂದ್ರು. ಸಹಿ ಮಾಡಿದೋರು ಆ ಹಕ್ಕನ್ನ ಇನ್ನೊಬ್ರಿಗೆ ಕೊಡಂಗಿಲ್ಲ.

ನಮ್ಮ ಓಣ್ಯಾಗ ಹೆಪ್ಪು ಹೆಂಗ ತಿರುಗ್ತೈತಿ ಹೇಳ್ರಿ. ನಾ ನಿಮಗ ಕೊಟ್ಟೆ, ನೀವು ಬಾಜೂಮನೆಯಾಕಿಗೆ ಕೊಟ್ರಿ. ಪ್ರತಿಯೊಬ್ಬಾಕಿನೂ ನಮ್ಮನಿಗೇ ಬಂದು ಹೆಬ್ಬಟ್ಟು ಒತ್ತಬೇಕು ಅಂದ್ರ ಮೊಸರು ಆದೀತಾ? ತಂತ್ರಾಂಶ ಬರ್ದು ಹಂಚೋ ಅಪಾಚೆ, ಡೆಬಿಯನ್ ಮಂದಿನೂ ಒಲ್ಲೆ ಅಂದ್ರು. ಆ ಸೆಪ್ಟೆಂಬರ್‌ನ್ಯಾಗ ಕಟ್ಟಳೆ ಬರಿಯೋ ಗುಂಪು ಬಾಗಲಾ ಹಾಕ್ತು. ಬ್ಯಾರೆ ತಕರಾರೂ ಇದ್ವು, ಸುಳ್ಳು ಹೇಳಬಾರ್ದು. 2006ರಾಗ ಮೈಕ್ರೋಸಾಫ್ಟ್‌ನೋರು 'ಯಾರಾದ್ರೂ ಬಳಸ್ರಿ' ಅಂದ್ರು. ಅಷ್ಟೊತ್ತಿಗೆ ಉಂಡೋರು ಎದ್ದು ಹೋಗಿದ್ರು.

ನಮ್ಮ ಮೈದ್ನ ಅಂತಾನ, 'ಅತ್ತಿಗಿ, ಹುಡುಕಿದೋರು ದುಡಕೊಳ್ಳಬಾರ್ದಾ?' ದುಡಕೊಳ್ಳಲಿ ಬಿಡು. ಯಾಹೂನೋರದೂ ಪೇಟೆಂಟ್ ಇತ್ತು, ಆದ್ರ ಮುಕ್ತವಾಗಿ ಬಳಸಾಕ ಬಿಟ್ರು. ಅದರಿಂದಾನ 2007ರ ಡಿಕಿಮ್ ಆತು, ಇವತ್ತೂ ನಡೀತೈತಿ. ಬೀಗ ಮಾರಿ ದುಡಿ, ಯಾರು ಬ್ಯಾಡಂತಾರ? ಊರಿಗೆಲ್ಲ ಒಂದೇ ಅಗಸಿ ಬಾಗಲಾ ಇದ್ರ, ಅದರ ಅಗಳಿ ಒಬ್ಬನ ಕೈಯಾಗ ಇರಬಾರ್ದು.

ಈಗ ಕವರಿಗೂ ಕಾಗದಕ್ಕೂ ತಾಳೆ ನೋಡೋ ಡಿಮಾರ್ಕ್ ಬಂದೈತಿ. ದಿನಕ್ಕ 5000 ಮೇಲ್ ಕಳ್ಸೋರು ಇವೆಲ್ಲ ಇಟ್ಟಿರಬೇಕು ಅಂತ ಜಿಮೇಲ್‌ನೋರು 2024ರ ಫೆಬ್ರವರಿಯಿಂದ ಹಠ ಹಿಡದಾರ. ಯಾವುದಕ್ಕೂ ಹೆಬ್ಬಟ್ಟು ಒತ್ತೋದಿಲ್ಲ. ಅಷ್ಟಿದ್ರೂ ಆ ಕಂಪನಿ ಬರ್ದಿಟ್ಟಿರ್ಲಿಲ್ಲ ನೋಡ್ರಿ.

ಹುಡುಗಿ 1930ಕ್ಕ ದೂರು ಕೊಟ್ಟಾಳ. ರೊಕ್ಕ ಇನ್ನಾ ಬಂದಿಲ್ಲ.