ಕಾಲು ಯಾರದು, ಕೈ ಯಾರದು?

ಪಾದಪೂಜೆಯ ನಾಡಿದು. ಸ್ವಾಮಿಗಳು ಊರಿಗೆ ಬಂದರೆ ಹಿತ್ತಾಳಿ ಪರಾತದಲ್ಲಿ ಕಾಲಿಡಿಸಿ, ನೀರು ಹೊಯ್ದು, ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿಯುವ ನಾಡು. ವಿರಾಟ್ ಪುರುಷನ ಪಾದದಿಂದ ಶೂದ್ರ ಹುಟ್ಟಿದನೆಂದು ಬರೆದಿಟ್ಟ ಶಾಸ್ತ್ರ ನಮ್ಮನ್ನಂತೂ ಆ ಪಾದಕ್ಕೂ ಹಚ್ಚಲಿಲ್ಲ, ಊರ ಹೊರಗೆ ಇಟ್ಟಿತು. ಇಂಥ ನಾಡಿನಲ್ಲಿ ದುಡಿದು ಬಂದ ಮನುಷ್ಯನ ಕೆಸರುಗಾಲನ್ನು ಕೈಯಲ್ಲಿ ಹಿಡಿದು, ಇದರೊಳಗೆ ನೆತ್ತರು ಹರಿಯುತ್ತದೋ ಇಲ್ಲೋ ಅಂತ ನೋಡುವವರು ಯಾರು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕೇರಿಗಳಿಂದ ಬಂದ, ಮನೆತನದಲ್ಲೇ ಮೊದಲ ಸಲ ಡಿಗ್ರಿ ಕಂಡ ನಾವು ಈ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳುತ್ತೇವೆ, ಡಾಕ್ಟರರಿಗೂ ಕೇಳುತ್ತೇವೆ, ಬಂಡಾಯದ ಗೆಳೆಯರಿಗೂ ಕೇಳುತ್ತೇವೆ.

ಕವಿತೆ ಬರೆಯುವವರಿಗೆ ಈ ಉಸಾಬರಿ ಯಾಕೆ ಅನ್ನಬಹುದು. ನಮ್ಮ ಪದ್ಯಗಳಲ್ಲಿ ನೆತ್ತರು ಎಷ್ಟು ಹರಿದಿದೆ! ನೆತ್ತರಿಲ್ಲದೆ ಒಂದು ಕವಿಗೋಷ್ಠಿ ಮುಗಿಯುವುದಿಲ್ಲ. ಆದರೆ ಅದೇ ನೆತ್ತರು ಮೀನಖಂಡದ ಕೆಳಗೆ ಸೆಕೆಂಡಿಗೆ ಎಷ್ಟು ಸೆಂಟಿಮೀಟರು ಹರಿಯುತ್ತದೆ ಅಂತ ಅಳೆಯಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ನಮ್ಮ ಕೇರಿಯಿಂದ ಯಾಕೆ ಬಂದಿಲ್ಲ?

ಕಾಲಿನ ಲೆಕ್ಕ ತಗೀರಿ. ಮಲಪ್ರಭೆಯ ದಂಡೆಗುಂಟ ಕಬ್ಬು ಕಡಿದು ಹೊರುವ ಕಾಲು. ರಾಮದುರ್ಗ, ಸುರೇಬಾನದಲ್ಲಿ ಮಗ್ಗದ ಕುಣಿಯೊಳಗೆ ಇಳಿಬಿಟ್ಟ ಕಾಲು, ಪವರ್‌ಲೂಮಿನ ಮುಂದೆ ದಿನವಿಡೀ ನಿಂತ ಕಾಲು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ನಡೆದು ಬರುವ ಕಾಲು. ನಿಂತೇ ದುಡಿಯುವವರಲ್ಲಿ ಮೇಲಕ್ಕೇರಬೇಕಾದ ರಕ್ತ ಕೆಳಗೇ ತಂಗಿ, ನಾಳ ಹಾವಿನಂತೆ ಸುತ್ತಿಕೊಂಡು ಉಬ್ಬುತ್ತದೆ. ಹರಡಿನ ಹತ್ತಿರ ಮಾಯದ ಹುಣ್ಣು ಬೀಳುತ್ತದೆ. ಬೀಡಿ, ತಂಬಾಕಿನ ಚಟವಿದ್ದ ಇನ್ನೂ ವಯಸ್ಸಾಗದ ಗಂಡಸರಿಗೆ ಬರುವ ಬರ್ಗರ್ ರೋಗ ಅಂತ ಒಂದಿದೆ. ಬೆರಳ ತುದಿಯ ಸಣ್ಣ ನಾಳಗಳು ಮುಚ್ಚುತ್ತ ಬಂದು ಬೆರಳು ಕರ್ರಗಾಗುತ್ತದೆ. ಸಕ್ಕರಿ ಬ್ಯಾನಿ ಸಾಹುಕಾರರದು ಅನ್ನುವ ಕಾಲ ಹೋತು, ರೇಷನ್ ಅಕ್ಕಿ ಉಣ್ಣುವ ಮನೆಗೂ ಅದು ಬಂದೈತಿ. ಅದು ಕಾಲಿನ ಸ್ಪರ್ಶಜ್ಞಾನ ಕೊಲ್ಲುತ್ತದೆ, ನಾಳವನ್ನೂ ಕಿರಿದು ಮಾಡುತ್ತದೆ. ಜಾಲಿಮುಳ್ಳು ನೆಟ್ಟದ್ದು ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗ್ಯಾಂಗ್ರಿನ್. ‘ಕಾಲು ತಗದ್ರು’ ಅನ್ನುವ ಮಾತು ನಮ್ಮ ಓಣಿಗಳಲ್ಲಿ ‘ಹಲ್ಲು ಕಿತ್ರು’ ಅನ್ನುವಷ್ಟು ಸಲೀಸಾಗಿಬಿಟ್ಟಿದೆ. ಬಾಬಾಸಾಹೇಬರೇ ತಮ್ಮ ಕೊನೆಯ ವರ್ಷಗಳಲ್ಲಿ ಮಧುಮೇಹದಿಂದ, ಕಾಲುನೋವಿನಿಂದ ನರಳಿದವರು. ಅವರ ಫೋಟೋಕ್ಕೆ ಮಾಲೆ ಹಾಕುವ ನಾವು ಇದನ್ನು ನೆನೆಯುವುದಿಲ್ಲ.

ಕಾಲು ತೆಗೆಯುವ ಮುಂಚೆ ಅದರೊಳಗೆ ನೋಡುವ ದಾರಿ ಇದೆ. ಡಾಪ್ಲರ್ ಎಂಬ ಆಸ್ಟ್ರಿಯಾದ ವಿಜ್ಞಾನಿ 1842ರಲ್ಲಿ ಹೇಳಿದ್ದು ಸರಳ ಮಾತು. ಸವದತ್ತಿ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮ ಕಡೆ ಬರುವಾಗ ದನಿ ಏರಿರುತ್ತದೆ, ದಾಟಿ ಹೋದ ಮೇಲೆ ಇಳಿಯುತ್ತದೆ. ಬಸ್ಸಿನ ಬದಲು ರಕ್ತದ ಕಣ, ಹಾರ್ನಿನ ಬದಲು ಕಿವಿಗೆ ಕೇಳದ ಶಬ್ದತರಂಗ. ತರಂಗ ಕಣಕ್ಕೆ ಬಡಿದು ಮರಳುವಾಗ ಆದ ಏರಿಳಿತದಿಂದ ರಕ್ತದ ವೇಗ ಸಿಗುತ್ತದೆ. ಜಪಾನಿನ ಸತೋಮುರಾ 1950ರ ದಶಕದಲ್ಲಿ ಇದನ್ನು ಮನುಷ್ಯನ ದೇಹಕ್ಕೆ ತಂದ. ಅಮೆರಿಕದ ಸಿಯಾಟಲ್‌ನಲ್ಲಿ ಸ್ಟ್ರ್ಯಾಂಡ್ನೆಸ್ ಎಂಬ ಶಸ್ತ್ರವೈದ್ಯ ಮತ್ತು ಅವನ ಜೊತೆಗಾರರು ಚಿತ್ರವನ್ನೂ ವೇಗವನ್ನೂ ಒಟ್ಟಿಗೆ ತೋರಿಸುವ ಡ್ಯೂಪ್ಲೆಕ್ಸ್ ಯಂತ್ರವನ್ನು 1970ರ ದಶಕದಲ್ಲಿ ಬೆಳೆಸಿದರು. ಅಲ್ಲಿ ಇವತ್ತು ಈ ಯಂತ್ರ ನಡೆಸುವವರು ಡಾಕ್ಟರರಲ್ಲ. ತರಬೇತಿ ಪಡೆದು, ಪರೀಕ್ಷೆ ಪಾಸಾದ ವ್ಯಾಸ್ಕ್ಯುಲರ್ ಟೆಕ್ನಾಲಜಿಸ್ಟರು. ಅವರು ನೋಡುತ್ತಾರೆ, ಅಳೆಯುತ್ತಾರೆ. ಡಾಕ್ಟರು ಓದಿ ಸಹಿ ಮಾಡುತ್ತಾರೆ.

ಇಲ್ಲಿ? ಇಲ್ಲಿ ಎರಡು ಕಾಯ್ದೆಗಳಿವೆ, ಒಂದರ ಮುಖ ಒಂದು ನೋಡುವುದಿಲ್ಲ. 2021ರಲ್ಲಿ ಪಾರ್ಲಿಮೆಂಟು ವೈದ್ಯಕೀಯ ಸಹಾಯಕ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಎಕ್ಸ್‌ರೇ, ಸಿಟಿ, ಎಂಆರ್‌ಐ ಟೆಕ್ನಾಲಜಿಸ್ಟರ ಸಾಲಿನಲ್ಲೇ ‘ಸೋನೋಗ್ರಾಫರ್’ ಅಂತ ಹೆಸರಿದೆ. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೂ ಅದರ ನಿಯಮಗಳೂ ಸ್ಕ್ಯಾನಿಂಗ್ ಯಂತ್ರವನ್ನು ಡಾಕ್ಟರರ ಕೈಗೆ ಮಾತ್ರ ಕೊಟ್ಟಿವೆ. ಎಂಬಿಬಿಎಸ್ ಆದವರಿಗೂ ಆರು ತಿಂಗಳ ತರಬೇತಿ ಬೇಕೆಂದು 2014ರಲ್ಲಿ ನಿಯಮ ಬಂತು. ಮಗುವಿನ ಲಿಂಗ ತೋರಿಸಬಲ್ಲ ಯಂತ್ರವೆಲ್ಲ ನೋಂದಣಿ ಆಗಲೇಬೇಕು. ಅದೇ ಯಂತ್ರದಲ್ಲಿ ನೀವು ಮುದುಕನ ಮೊಣಕಾಲಿನ ಹಿಂದಿನ ನಾಳ ನೋಡಿದರೂ ಕಾಯ್ದೆ ಅದೇ. ಒಂದು ಕಾಗದ ಹೆಸರು ಕೊಟ್ಟಿತು, ಇನ್ನೊಂದು ಕಾಗದ ಕೈ ಕಟ್ಟಿತು. ಮದುವೆಯ ಕಾರ್ಡಿನಲ್ಲಿ ಹೆಸರು ಹಾಕಿ ಪಂಕ್ತಿಯಿಂದ ಎಬ್ಬಿಸುವುದು ನಮಗೇನೂ ಹೊಸದಲ್ಲ ಬಿಡ್ರಿ.

ಆದರೆ ಇಲ್ಲಿ ನಾವು ನಾಲಿಗೆ ಬಿಗಿಹಿಡಿದು ಮಾತಾಡಬೇಕು. 1994ರ ಕಾಯ್ದೆ ಸುಮ್ಮನೆ ಬಂದದ್ದಲ್ಲ. ನಮ್ಮದೇ ಜಿಲ್ಲೆಯ ಮೂಡಲಗಿಯಲ್ಲಿ 2022ರ ಜೂನ್‌ನಲ್ಲಿ ಏಳು ಭ್ರೂಣಗಳು ಬಾಟಲಿಗಳಲ್ಲಿ ಸಿಕ್ಕವು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಬಯಲಾಯಿತು. ನಮ್ಮ ಅಕ್ಕತಂಗಿಯರ ಜೀವ ಒತ್ತೆಯಿಟ್ಟು ನಮಗೆ ನೌಕರಿ ಬ್ಯಾಡ. ಕಾಯ್ದೆ ಸಡಿಲು ಮಾಡಿರಿ ಅಂತ ಕೂಗುವವರ ಮೆರವಣಿಗೆಗೆ ನಾವು ಬರುವುದಿಲ್ಲ.

ಆದರೂ ಒಂದು ಮಾತು. ಆ ಮಂಡ್ಯದ ಪ್ರಕರಣದಲ್ಲಿ ಹಿಡಿದವರೊಳಗೆ ಲ್ಯಾಬ್ ಟೆಕ್ನೀಶಿಯನ್ನರಿದ್ದಂತೆ ಡಾಕ್ಟರರೂ ಇದ್ದರು. ಎಂಬಿಬಿಎಸ್ ಅನ್ನುವ ಮೂರು ಮತ್ತೊಂದು ಅಕ್ಷರ ಹೆಣ್ಣುಮಗುವನ್ನು ಕಾಯುತ್ತದೆ ಅನ್ನುವ ನಂಬಿಕೆ ಜನಿವಾರ ಪುಣ್ಯವಂತನನ್ನು ಮಾಡುತ್ತದೆ ಅನ್ನುವ ನಂಬಿಕೆಗಿಂತ ಬೇರೆಯಲ್ಲ. ಕಾಯುವುದು ತಪಾಸಣೆ, ಲೆಕ್ಕ, ಶಿಕ್ಷೆ. ಅವನ್ನು ಗಟ್ಟಿ ಮಾಡಿರಿ. ಗರ್ಭಿಣಿಯರ ಸ್ಕ್ಯಾನಿಂಗನ್ನು ಡಾಕ್ಟರರ ಕೈಯಲ್ಲೇ ಇಡಿ, ಬಾಗಿಲಿಗೆ ಇನ್ನೆರಡು ಕೀಲಿ ಹಾಕಿ. ಕಾಲಿಗೆ ಮಾತ್ರ ಬೇರೆ ಬಾಗಿಲು ತೆಗೀರಿ.

ಈ ಬಾಗಿಲು ಮುಚ್ಚಿದ್ದರಿಂದ ಯಾರಿಗೆ ಲಾಭ ಆತು ನೋಡ್ರಿ. ‘ಆರು ತಿಂಗಳಲ್ಲಿ ಅಲ್ಟ್ರಾಸೌಂಡ್ ಟೆಕ್ನೀಶಿಯನ್, ನೂರಕ್ಕೆ ನೂರು ನೌಕರಿ’ ಅನ್ನುವ ಚೀಟಿಗಳು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಅಂಟಿಕೊಂಡಿರುತ್ತವೆ. ನಮ್ಮ ಗೆಳೆಯನೊಬ್ಬ ಅಂಥ ಒಂದು ಸಂಸ್ಥೆಗೆ ಅವ್ವನ ಬೋರಮಾಳ ಒತ್ತೆಯಿಟ್ಟು ಸೇರಿದ. ಯಂತ್ರದ ಚಿತ್ರ ಗೋಡೆಯ ಮೇಲಿತ್ತು, ಯಂತ್ರ ಇರಲಿಲ್ಲ. ಸರ್ಟಿಫಿಕೇಟು ಹಿಡಿದು ಹೋದ ಕಡೆಯೆಲ್ಲ ‘ಕಾಯ್ದೇದಾಗ ಬರೂದಿಲ್ಲಪಾ’ ಅಂದರು. ಈಗ ಅವನು ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಹರಿದು ಕೊಡುತ್ತಾನೆ. ಮಾಸ್ತರರೇ, ಅಕ್ಕೋರೇ, ನಿಮ್ಮ ಶಾಲೆ ಬಿಟ್ಟ ಹುಡುಗರಿಗೆ ಇದನ್ನಾದರೂ ತಿಳಿಸಿ ಹೇಳಿರಿ: ಸರ್ಕಾರದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಇದೆ, ಎಸ್ಸೆಸ್ಸೆಲ್ಸಿ ಆದವರೂ ಸೇರಬಹುದು. ಪಿಯುಸಿ ಸೈನ್ಸ್ ಆದವರಿಗೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಅಡಿಯಲ್ಲಿ ಮೆಡಿಕಲ್ ಇಮೇಜಿಂಗ್ ಬಿಎಸ್ಸಿ ಇದೆ, ಕಾರ್ಡಿಯಾಕ್ ಕೇರ್ ಬಿಎಸ್ಸಿ ಇದೆ. ಕಂಬದ ಚೀಟಿ ನೋಡಿ ಬಂಗಾರ ಒತ್ತೆಯಿಡಬ್ಯಾಡ್ರಿ. ಆ ಕೋರ್ಸು ಮುಗಿಸಿದವರಿಗೆ ಎಕ್ಸ್‌ರೇ, ಸಿಟಿಯ ಕೆಲಸ ಸಿಕ್ಕೀತು. ರಕ್ತನಾಳದ ಸ್ಕ್ಯಾನಿಂಗ್ ಮಾತ್ರ ಕೈಗೆ ಬರುವುದಿಲ್ಲ. ನಮ್ಮ ಜಗಳ ಅದಕ್ಕೇ.

ಕೆಲಸ ಬಲು ಕಠಿಣ, ನಮ್ಮವರಿಗೆ ಬರಲಿಕ್ಕಿಲ್ಲ ಅನ್ನುವವರಿದ್ದಾರೆ. ಕಠಿಣ ಹೌದು. ತೊಡೆಸಂದಿಯಿಂದ ಹಿಮ್ಮಡದ ತನಕ ಪ್ರತಿ ನಾಳದ ಹೆಸರು, ದಾರಿ, ಕವಲು ಬಾಯಿಪಾಠ ಇರಬೇಕು. ಯಂತ್ರದ ಮೂತಿಯಿಂದ ನಾಳವನ್ನು ಮೆಲ್ಲಗೆ ಒತ್ತಬೇಕು: ಅಭಿಧಮನಿ ಒತ್ತಿದರೆ ಚಪ್ಪಟೆಯಾಗುತ್ತದೆ, ಒಳಗೆ ಹೆಪ್ಪು ಕಟ್ಟಿದ್ದರೆ ಆಗುವುದಿಲ್ಲ. ವೇಗ ಅಳೆಯುವಾಗ ಕೋನ 60 ಡಿಗ್ರಿ ದಾಟಿದರೆ ಲೆಕ್ಕ ಸುಳ್ಳಾಗುತ್ತದೆ. ಇವೆಲ್ಲ ಕೈಗೆ ಹತ್ತಬೇಕಾದರೆ ನೂರಾರು ಕಾಲು ಹಿಡಿಯಬೇಕು. ಇನ್ನು ಕಿವಿ. ಆರೋಗ್ಯವಂತ ಕಾಲಿನ ಧಮನಿ ಮೂರು ಪೆಟ್ಟಿನ ತಾಳ ಹಾಕುತ್ತದೆ: ಮುಂದಕ್ಕೊಂದು ಜೋರಿನ ಪೆಟ್ಟು, ಹಿಂದಕ್ಕೊಂದು ಗಿಡ್ಡ ಪೆಟ್ಟು, ಮತ್ತೆ ಮುಂದಕ್ಕೊಂದು ಸಣ್ಣದು. ಮೇಲೆ ಎಲ್ಲೋ ನಾಳ ಕಟ್ಟಿದ್ದರೆ ಮೂರೂ ಹೋಗಿ ಒಂದೇ ಮಂದ ದನಿ, ತೊಯ್ದ ಹಲಗಿಯ ಹಾಗೆ. ಹುಟ್ಟಿದಾಗಿನಿಂದ ಹಲಗಿ ಕೇಳಿ ಬೆಳೆದ ನಮ್ಮ ಕಿವಿಗೆ ಈ ವ್ಯತ್ಯಾಸ ತಿಳಿಯದೆ? ಹಂಗಂತ ‘ಇದು ನಿಮ್ಮ ಜಾತಿಕಸುಬಿಗೆ ಹೊಂದತೈತಿ’ ಅಂತ ಯಾರೂ ನಮಗೆ ಶಿಫಾರಸು ಪತ್ರ ಬರೆಯಬೇಕಾಗಿಲ್ಲ. ಕಾಲು ಮುಟ್ಟುವ ಕೆಲಸವೆಲ್ಲ ನಮಗೆ, ಸಹಿ ಮಾಡುವ ಕೆಲಸವೆಲ್ಲ ಅವರಿಗೆ ಅನ್ನುವ ಹಳೇ ಹಂಚಿಕೆ ಬಿಳಿ ಕೋಟು ಹಾಕಿಕೊಂಡು ಬಂದರೂ ನಾವು ಗುರುತು ಹಿಡಿಯುತ್ತೇವೆ. ನಮ್ಮಿಂದಲೂ ಡಾಕ್ಟರರು ಬರಬೇಕು, ರೇಡಿಯಾಲಜಿಸ್ಟರು ಬರಬೇಕು. ಅದು ಬೇರೆ ಹೋರಾಟ, ನಿಂತಿಲ್ಲ.

ಭಾಷೆಯ ವಿಷಯವೂ ಇದೆ. ಪುಸ್ತಕವೆಲ್ಲ ಇಂಗ್ಲಿಷು. ನಮ್ಮ ಮಾತಿನಲ್ಲಿ ನರಕ್ಕೂ ನರ, ರಕ್ತನಾಳಕ್ಕೂ ನರ. ‘ನರ ಎಳೀತೈತಿ’ ಅಂದರೆ ಯಾವುದು ಅಂತ ಇಂಗ್ಲಿಷು ಕಲಿತ ಡಾಕ್ಟರು ಕೇಳುವುದಿಲ್ಲ, ಗುಳಿಗಿ ಬರೆಯುತ್ತಾನೆ. ಆ ಮಾತು ಗೊತ್ತಿದ್ದವರು ಮಂಚದ ಹತ್ತಿರ ಇರಬೇಕು. ಮತ್ತೆ ಈ ನಮ್ಮ ಕನ್ನಡ ಪಾಠದ ಚಂದ ನೋಡ್ರಿ: ಧಮನಿಯಲ್ಲಿ ‘ಶುದ್ಧ ರಕ್ತ’, ಅಭಿಧಮನಿಯಲ್ಲಿ ‘ಅಶುದ್ಧ ರಕ್ತ’ ಅಂತ ಕಲಿಸಿದರು. ಆಮ್ಲಜನಕ ಕೊಟ್ಟು, ದುಡಿದು ದಣಿದು ಮರಳುತ್ತಿರುವ ರಕ್ತಕ್ಕೆ ಮೈಲಿಗೆ ಹಚ್ಚಿದವರು ಯಾರು? ಡಾಪ್ಲರ್ ಪರದೆಯ ಮೇಲೂ ಕೆಂಪು, ನೀಲಿ ಕಾಣುತ್ತದೆ, ಆದರೆ ಅಲ್ಲಿ ಬಣ್ಣ ಬರೀ ದಿಕ್ಕು ಹೇಳುತ್ತದೆ. ರಕ್ತ ಮೂತಿಯ ಕಡೆ ಬಂದರೆ ಒಂದು, ದೂರ ಹೋದರೆ ಇನ್ನೊಂದು. ಮೂತಿ ತಿರುಗಿಸಿದರೆ ಬಣ್ಣವೂ ತಿರುಗುತ್ತದೆ. ಯಂತ್ರಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ. ಅಕ್ಕೋರೇ, ನಾಳೆಯಿಂದ ಆ ಎರಡು ಶಬ್ದ ಬೋರ್ಡಿನ ಮೇಲಿಂದ ಒರೆಸಿಬಿಡ್ರಿ.

ಕಾಯ್ದೆ ತಿದ್ದುವ ತನಕ ಕೂಡುವುದು ಬೇಕಾಗಿಲ್ಲ. ಪೆನ್ನಿನಂಥ ಕೈ ಡಾಪ್ಲರ್ ಒಂದಿದೆ. ಅದು ಚಿತ್ರ ತೋರಿಸುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. ಅದರಿಂದ ಮಗು ಹೆಣ್ಣೋ ಗಂಡೋ ಅಂತ ದೇವರಿಗೂ ಹೇಳಲು ಬರುವುದಿಲ್ಲ. ಅದು, ಒಂದು ಬಿಪಿ ಪಟ್ಟಿ, ಕಲಿತ ಒಬ್ಬ ನರ್ಸಮ್ಮ ಇದ್ದರೆ ಸಾಕು. ಹರಡಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುವುದು. ತೋಳು 140, ಹರಡು 70 ಅಂದರೆ ಅರ್ಧ. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ಧಮನಿ ಕಿರಿದಾಗಿದೆ ಅಂತ ಅರ್ಥ. ಸಕ್ಕರಿ ಬ್ಯಾನಿಯವರಲ್ಲಿ ನಾಳ ಕಲ್ಲಾಗಿ 1.4 ದಾಟಿ ಸುಳ್ಳು ಲೆಕ್ಕ ಬರುವುದುಂಟು, ಅಂಥವರಿಗೆ ದೊಡ್ಡ ಯಂತ್ರವೇ ಬೇಕು. ಉಳಿದವರಿಗೆ ಇಷ್ಟರಿಂದಲೇ ಎಚ್ಚರ ಸಿಗುತ್ತದೆ. ಧಮನಿ ಒಮ್ಮೆಲೇ ಕಟ್ಟಿ ಕಾಲು ತಣ್ಣಗಾದರೆ ಆರು ತಾಸಿನೊಳಗೆ ರಕ್ತ ಮತ್ತೆ ಹರಿಸಬೇಕು ಅನ್ನುತ್ತದೆ ವೈದ್ಯಶಾಸ್ತ್ರ. ರಾಮದುರ್ಗದ ಹಳ್ಳಿಯಿಂದ ಬಸ್ಸು ಹಿಡಿದು ಬೆಳಗಾವಿಯನ್ನೋ ಹುಬ್ಬಳ್ಳಿಯನ್ನೋ ಮುಟ್ಟಿ, ಸರದಿಯಲ್ಲಿ ಕುಂತು, ಡಾಪ್ಲರ್ ಆಗುವ ಹೊತ್ತಿಗೆ ಆ ಆರು ತಾಸು ಎಲ್ಲಿರುತ್ತದೆ?

ನಾಲ್ಕೂ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೈ ಡಾಪ್ಲರ್ ಇಡಬೇಕು. ಅಲ್ಲಿಯ ನರ್ಸುಗಳಿಗೂ ಎಕ್ಸ್‌ರೇ ಟೆಕ್ನೀಶಿಯನ್ನರಿಗೂ ಅದನ್ನು ಕಲಿಸಬೇಕು. ರಕ್ತನಾಳಕ್ಕೆ ಮಾತ್ರ ಬಳಸುವ, ಬೇರೆ ಮೂತಿ ಹಚ್ಚಲು ಬಾರದಂತೆ ಬೀಗ ಹಾಕಿದ, ಪ್ರತಿ ಚಿತ್ರದ ದಾಖಲೆ ಇಡುವ ಯಂತ್ರಕ್ಕೆ ಕಾಯ್ದೆಯಲ್ಲಿ ಬೇರೆ ಕಲಮು ಬೇಕು. 2021ರ ಪಟ್ಟಿಯಲ್ಲಿ ಬರೆದ ಹೆಸರಿಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು, ಸೀಟಿಗೆ ಮೀಸಲಾತಿ, ಹಾಸ್ಟೆಲ್ಲು, ಸ್ಟೈಪೆಂಡು ಬೇಕು.

ಸದ್ಯಕ್ಕೆ ಗೆಳೆಯರು ಮಾಡಬಹುದಾದದ್ದು ಇದು. ಮಾಹಿತಿ ಹಕ್ಕಿನಲ್ಲಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಅರ್ಜಿ ಹಾಕಿರಿ: ಕೈ ಡಾಪ್ಲರ್ ಇದೆಯೇ, ಹೋದ ಮೂರು ವರ್ಷದಲ್ಲಿ ಎಷ್ಟು ಜನರ ಕಾಲು ಅದರಿಂದ ನೋಡಿದ್ದೀರಿ, ಎಷ್ಟು ಜನರನ್ನು ಗ್ಯಾಂಗ್ರಿನ್ ಅಂತ ಬೇರೆ ಊರಿಗೆ ಕಳಿಸಿದ್ದೀರಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿರಿ. ಬಿಪಿಎಲ್ ಕಾರ್ಡಿದ್ದರೆ ಅದರ ಝೆರಾಕ್ಸ್ ಸಾಕು, ದುಡ್ಡು ಕೊಡಬೇಕಾಗಿಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು. ಬಂದ ಉತ್ತರದ ಪ್ರತಿಯನ್ನು, ಉತ್ತರ ಬರದಿದ್ದರೆ ಅರ್ಜಿಯ ಪ್ರತಿಯನ್ನು, ಪತ್ರಿಕೆಯ ವಿಳಾಸಕ್ಕೆ ಕಳಿಸಿರಿ. ನಾಲ್ಕೂ ತಾಲ್ಲೂಕಿನದನ್ನು ಒಟ್ಟಿಗೆ ಇಲ್ಲೇ ಅಚ್ಚು ಹಾಕೋಣ.